ಮೇಷ್ಟ್ರ ಎಡಗೆನ್ನೆ

ನೀಲಿ ಓಡುತ್ತಿದೆ, ನಾನೇನೂ ಓಡಿಸುತ್ತಿಲ್ಲ, ಒದ್ದೆ ಕಾಗದಕ್ಕೆ ಬ್ರಷ್ಷಿನ ತುದಿ ತಾಗಿದ್ದೇ ತಡ, ಬಾಗಿಲು ತೆಗೆದೊಡನೆ ಬೀದಿಗೆ ಬಿದ್ದ ಮಗುವಿನ ಹಾಗೆ ಅಂಚಿನವರೆಗೂ ಓಡಿ ಅಲ್ಲಿ ನಿಂತು ತಿರುಗಿ ನೋಡುತ್ತಿದೆ, ಈಗ ಒಂದಿಷ್ಟು ಹಳದಿ ಬಿಟ್ಟರೆ ಹಸಿರಾಗುತ್ತದೆ ಅಂತ ಗೊತ್ತು, ಎಂಟು ತಿಂಗಳಿಂದ ಪ್ರತಿ ಶನಿವಾರ ನೋಡುತ್ತಿದ್ದೇನೆ, ಆದರೂ ಹಸಿರಾಗುವ ಆ ಗಳಿಗೆಯಲ್ಲಿ ನಗು ಬಂದುಬಿಡುತ್ತದೆ, ಅರವತ್ತೇಳು ವರ್ಷದ ಗಂಡಸು ತನ್ನಷ್ಟಕ್ಕೆ ತಾನೇ ನಗುವುದು ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ, ಪಕ್ಕದ ನರ್ಸಮ್ಮ — ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನಿವೃತ್ತಿಯಾಗಿ ಈಗ ಹೂವು ಬಿಟ್ಟು ಬೇರೇನನ್ನೂ ಬರೆಯದವರು — ಓರೆಗಣ್ಣಲ್ಲಿ ನೋಡಿ, ಏನು ಅಂಗಡಿಯೋರೇ, ಆ ಜೋಕು ನಮಗೂ ಹೇಳಿ ಅನ್ನುತ್ತಾರೆ, ಹೇಳುವುದೇನಿದೆ, ನೀಲಿಗೆ ಹಳದಿ ಸೇರಿ ಹಸಿರಾಯಿತು ಕಣಮ್ಮಾ, ಅಷ್ಟೇ, ಇಷ್ಟು ವರ್ಷ ಕಣ್ಣು ಬಿಟ್ಟುಕೊಂಡೇ ಇದ್ದೆ, ಯಾರೂ ತೋರಿಸಿರಲಿಲ್ಲ. ಕೈ ನಡುಗುತ್ತಿದೆ, ನಡುಗಲಿ, ಹೊರಗೆ ಬಸ್ಸು ನಿಂತು ಹೊರಟ ಸದ್ದು, ಕೆಳಗೆ ಲೈಬ್ರರಿಯಲ್ಲಿ ಯಾರೋ ಕುರ್ಚಿ ಎಳೆದ ಸದ್ದು, ಮೇಲಂತಸ್ತಿನ ಈ ಉದ್ದನೆಯ ಮೇಜು, ಅದರ ಮೇಲೆ ನೀರು ತುಂಬಿದ ಜಾಮಿನ ಬಾಟಲಿಗಳು, ಒಂದೊಂದರ ನೀರಿಗೂ ಒಂದೊಂದು ಬಣ್ಣ, ಟೀಚರ್ ಆ ತುದಿಯಲ್ಲಿ ಕೂತು ಚೀಟಿ ಮಡಿಸುತ್ತಿದ್ದಾರೆ, ಯಾತಕ್ಕೋ, ಇರಲಿ, ಈ ಅಂಚು ಒಣಗುವ ಮೊದಲು ಇನ್ನೊಂದು ಹನಿ ಬಿಡಬೇಕು, ಇಲ್ಲಿ ತಡಮಾಡಿದವನು ಕೆಟ್ಟ, ಕ್ಷೌರದಲ್ಲೂ ಹಾಗೆಯೇ ಅಲ್ಲವೇ, ನೊರೆ ಆರುವ ಮೊದಲು ಕತ್ತಿ ಇಳಿಯಬೇಕು, ನಲವತ್ತೆರಡು ವರ್ಷ ಇಳಿಸಿದ್ದೇನೆ, ಒಂದೇ ಕನ್ನಡಿಯ ಮುಂದೆ, ಒಂದೇ ತಿರುಗುವ ಕುರ್ಚಿಯ ಹಿಂದೆ ನಿಂತು, ಕುರ್ಚಿ ಎರಡು ಸಲ ರೆಕ್ಸಿನ್ ಬದಲಾಯಿಸಿಕೊಂಡಿತು, ನಾನು ಏನೂ ಬದಲಾಯಿಸಿಕೊಳ್ಳಲಿಲ್ಲ, ಈಗ ಆ ಅಂಗಡಿಯಲ್ಲಿ ಮೊಬೈಲಿನ ಕವಚ ಮಾರುತ್ತಾರೆ.

ಇಲ್ಲಿಗೆ ನಾನಾಗಿ ಬಂದವನಲ್ಲ, ಹೆಂಡತಿ ಓಡಿಸಿದಳು, ಅಂಗಡಿ ಮುಚ್ಚಿ ಒಂದು ವರ್ಷಕ್ಕೂ ಮೇಲೆ ಮನೆಯಲ್ಲಿ ಕೂತಿದ್ದೆ, ಕೂತಿದ್ದೆ ಅನ್ನುವುದೂ ಸರಿಯಲ್ಲ, ನಿಂತಿದ್ದೆ, ನಿಂತು ಅಭ್ಯಾಸವಾದ ಕಾಲುಗಳು, ಅಡುಗೆಮನೆಯ ಬಾಗಿಲಿಗೆ ಒರಗಿ ಅವಳ ಬೆನ್ನು ನೋಡುತ್ತ ನಿಂತಿರುತ್ತಿದ್ದೆ, ಒಂದು ದಿನ ಅವಳು ಚಾಕು ಹಿಡಿದುಕೊಂಡೇ ತಿರುಗಿದಳು, ನೋಡಿ, ಬೆಳಗಿಂದ ಸಂಜೆವರೆಗೆ ನಾನು ಈರುಳ್ಳಿ ಹೆಚ್ಚೋದನ್ನೇ ನೋಡ್ತಾ ನಿಂತ್ರೆ ಒಂದಿನ ನಿಮ್ಮನ್ನೂ ಹೆಚ್ಚಿಬಿಡ್ತೀನಿ, ಲೈಬ್ರರಿ ಮೇಲೆ ಚಿತ್ರ ಬರೆಯೋದು ಹೇಳಿಕೊಡ್ತಾರಂತೆ, ವಯಸ್ಸಾದೋರಿಗೇನೇ ಅಂತೆ, ಮಗಳು ನಿಮ್ಮ ಹೆಸರು ಬರೆಸಿ ಬಂದಿದ್ದಾಳೆ, ಹೋಗಿ. ನನಗೆ ಚಿತ್ರವಾ, ಹುಚ್ಚಾ ನಿಂಗೆ, ಈ ಕೈಯಲ್ಲಾ ಅಂದೆ, ಅವಳು ಕೈ ನೋಡಲಿಲ್ಲ, ಮುಖ ನೋಡಿದಳು, ಕೈ ನೋಡೋದನ್ನ ನೀವು ನಿಲ್ಲಿಸಿದ್ರೆ ಎಲ್ಲಾ ಸರಿಹೋಗುತ್ತೆ ಅಂದಳು. ಮೊದಲನೆಯ ಶನಿವಾರ ಮೇಜಿನ ಮೇಲೆ ಒಂದು ಹೂಜಿ ಇಟ್ಟಿದ್ದರು, ಎಲ್ಲರೂ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು, ನನ್ನ ಗೆರೆ ಉಪ್ಪು ಬಿದ್ದ ಎರೆಹುಳುವಿನ ಹಾಗೆ ಒದ್ದಾಡುತ್ತ ಹೋಯಿತು, ಪೆನ್ಸಿಲ್ ಇಟ್ಟು ಎದ್ದೆ, ಬಾಗಿಲ ಹತ್ತಿರ ಟೀಚರ್ ಸಿಕ್ಕರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಮಾತು ಕಡಿಮೆ, ಎಲ್ಲಿಗೆ ಹೊರಟ್ರಿ ಅಂದರು, ಕೈ ನಡುಗುತ್ತೆ ಟೀಚರ್ ಅಂದೆ, ಕಣ್ಣು ಅಂದರು, ಕಣ್ಣು ಚೆನ್ನಾಗಿದೆ ಅಂದೆ, ಹಾಗಾದ್ರೆ ಕೂತ್ಕೊಳ್ಳಿ, ಚಿತ್ರ ಬರೆಯೋದು ಕಣ್ಣು, ಕೈ ಬರೀ ಅದರ ಹಿಂದೆ ಹೋಗುತ್ತೆ, ನಡುಗ್ತಾ ಹೋದ್ರೆ ನಡುಗ್ತಾನೇ ಹೋಗ್ಲಿ. ಹೂಜಿಯನ್ನು ನನ್ನ ಮುಂದಿನಿಂದ ಎತ್ತಿಟ್ಟು ಕಾಗದವನ್ನು ಸ್ಪಂಜಿನಿಂದ ಒದ್ದೆ ಮಾಡಿ ಬ್ರಷ್ಷನ್ನು ಕೈಗೆ ಕೊಟ್ಟರು — ಮುಟ್ಟಿಸಿ, ಅಷ್ಟೇ, ಎಳೀಬೇಡಿ — ಮುಟ್ಟಿಸಿದೆ, ಕೈ ನಡುಗಿತು, ನಡುಗಿದ ಕಡೆಗೆಲ್ಲ ಕೆಂಪು ಚಿಗುರಿತು, ಕವಲೊಡೆಯಿತು, ನೀರು ಎಲ್ಲಿದೆಯೋ ಅಲ್ಲೆಲ್ಲ ಹಬ್ಬಿತು, ಯಾರೂ ಅಯ್ಯೋ ಅನ್ನಲಿಲ್ಲ, ಯಾರಿಗೂ ನೋವಾಗಲಿಲ್ಲ, ಕೆಂಪು ಹರಡಿದರೂ ಯಾರಿಗೂ ನೋವಾಗಲಿಲ್ಲ. ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಎದೆ ಹಗುರಾಗಿತ್ತು, ಯಾಕೆ ಅಂತ ಹೊಳೆಯಲಿಲ್ಲ, ಹಸಿವಾಗಿತ್ತು, ಎರಡು ಸಲ ಬಡಿಸಿಕೊಂಡು ತಿಂದೆ, ಮೂರನೆಯ ಸಲ ಹೆಂಡತಿ ತಾನಾಗಿ ಬಡಿಸಿದಳು.

ಆಮೇಲೆ ಶುರುವಾಯಿತು ನೋಡುವ ಹುಚ್ಚು, ನಲವತ್ತೆರಡು ವರ್ಷ ತಲೆಗಳನ್ನು ಹಿಡಿದವನು ನಾನು, ಕೂದಲು ಎಂದರೆ ಕಪ್ಪು, ಇಲ್ಲವೇ ಬಿಳಿ, ನಡುವೆ ಡೈ, ಮೂರೇ ಜಾತಿ ಅಂದುಕೊಂಡಿದ್ದೆ, ಈಗ ಬಸ್ಸಿನಲ್ಲಿ ಮುಂದಿನ ಸೀಟಿನವನ ತಲೆ ನೋಡುತ್ತೇನೆ, ಕಪ್ಪಲ್ಲ ಅದು, ಬಿಸಿಲು ಬಿದ್ದ ಕಡೆ ಟೀಪುಡಿ ಕುದಿಸಿದ ಬಣ್ಣ, ಕಿವಿಯ ಹಿಂದೆ ನೆನೆದ ಕಬ್ಬಿಣ, ನೆತ್ತಿಯಲ್ಲಿ ಸ್ವಲ್ಪ ಕಾಗೆಯ ರೆಕ್ಕೆಯ ನೀಲಿ, ಅಯ್ಯೋ ಇಷ್ಟೆಲ್ಲ ನನ್ನ ಕಾಲಬುಡದಲ್ಲಿ ರಾಶಿ ಬೀಳುತ್ತಿತ್ತಲ್ಲ, ಗುಡಿಸಿ ಎಸೆಯುತ್ತಿದ್ದೆನಲ್ಲ. ಮಧ್ಯಾಹ್ನ ಮಲಗಿದ್ದ ಹೆಂಡತಿಯ ಬೆನ್ನು ಬರೆದೆ, ತುರುಬು, ಕತ್ತಿನ ಮಡಿಕೆ, ರವಿಕೆಯ ಅಂಚಿಗಿಂತ ಮೇಲೆ ಒಂದು ಮಚ್ಚೆ, ಎದ್ದು ನೋಡಿ ಬೈಯುತ್ತಾಳೆ ಅಂದುಕೊಂಡಿದ್ದೆ, ಕಾಗದ ಹಿಡಿದು ಬೆಳಕಿಗೆ ಹೋದಳು, ಇದೇನು ಇಲ್ಲಿ, ಬಣ್ಣ ಬಿದ್ದಿದೆಯಾ ಅಂದಳು, ಮಚ್ಚೆ ಕಣೇ ಅಂದೆ, ನನಗಾ ಅಂದಳು, ಅಲ್ಲಿ ನಿನಗೆ ಮಚ್ಚೆ ಇರೋದು ಗೊತ್ತಿಲ್ವಾ ಅಂದೆ, ನನ್ನ ಬೆನ್ನು ನಾನು ಹೆಂಗ್ರೀ ನೋಡ್ಲಿ, ಮೂವತ್ತೊಂಬತ್ತು ವರ್ಷ ಆಯ್ತು, ಒಂದು ದಿನ ಹೇಳೋಕಾಗಲಿಲ್ವಾ ಅಂತ ಕೈಯನ್ನು ಹಿಂದಕ್ಕೆ ಚಾಚಿ ತಡಕಿ ನೋಡಿಕೊಂಡಳು, ಸಿಗಲಿಲ್ಲ, ನಾನು ಬೆರಳು ಹಿಡಿದು ಅಲ್ಲಿಡಿಸಿದೆ. ನನಗೇ ಅದು ಆ ದಿನವೇ ಕಂಡಿದ್ದು ಅಂತ ಹೇಳಲಿಲ್ಲ.

ಹೇಳದೆ ಉಳಿಸಿಕೊಳ್ಳುವುದು ನನಗೆ ಹೊಸದಲ್ಲ. ಕೈಯ ನಡುಕವನ್ನೂ ಒಂದು ವರ್ಷ ಹೇಳದೆ ಉಳಿಸಿಕೊಂಡಿದ್ದೆ, ಟೀ ಲೋಟಕ್ಕೆ ಅರ್ಧವೇ ಸಾಕು ಅನ್ನುತ್ತಿದ್ದೆ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಕತ್ತಿ ಇಳಿಸುತ್ತಿದ್ದೆ, ಉಸಿರು ಬಿಗಿಹಿಡಿದರೆ ಎರಡು ಎಳೆತ ನೆಟ್ಟಗೆ ಬರುತ್ತಿತ್ತು, ಮೂರನೆಯದಕ್ಕೆ ಗಿರಾಕಿಯೊಂದಿಗೆ ಮಾತು ತೆಗೆದು ನಿಲ್ಲಿಸುತ್ತಿದ್ದೆ. ಒಂದು ಬುಧವಾರ ಬೆಳಿಗ್ಗೆ, ಎರಡು ವರ್ಷವಾಯಿತು ಈಗ, ಕುರ್ಚಿಯಲ್ಲಿ ಗಣಿತದ ಮೇಷ್ಟ್ರು, ಇಪ್ಪತ್ತೇಳು ವರ್ಷದಿಂದ ದಿನ ಬಿಟ್ಟು ದಿನ ಬಂದು ಕೂರುವವರು, ನನ್ನ ಮಗಳಿಗೆ ಲೆಕ್ಕ ಕಲಿಸಿದವರು, ಬಲಗೆನ್ನೆ ಮುಗಿದಿತ್ತು, ಎಡಕ್ಕೆ ತಿರುಗಿಸಿದೆ, ಕಿವಿಯ ಕೆಳಗಿನಿಂದ ದವಡೆಯ ಮೂಲೆಗೆ, ಸಾವಿರ ಸಲ ಇಳಿದ ದಾರಿ, ಕೈ ಒಮ್ಮೆ ಜಿಗಿಯಿತು, ಅಷ್ಟೇ, ಬಿಳಿ ನೊರೆಯಲ್ಲಿ ಕೆಂಪು ಮೆಲ್ಲಗೆ ಮೇಲೆ ಬಂತು, ಮೊದಲು ಒಂದು ದಾರ, ಆಮೇಲೆ ದಾರಿ, ಪಟಿಕದ ಗಡ್ಡೆ ಒತ್ತಿದೆ, ನಿಲ್ಲಲಿಲ್ಲ, ಟವೆಲ್ ಒತ್ತಿದೆ, ಮೇಷ್ಟ್ರು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು, ತಮ್ಮ ಮುಖವನ್ನಲ್ಲ, ಟವೆಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಒತ್ತಿಕೊಂಡು ಎದ್ದರು, ಪರವಾಗಿಲ್ಲ ಬಿಡು ಅಂದು, ಅರ್ಧ ಮುಖ ನುಣ್ಣಗೆ, ಅರ್ಧ ಮುಖ ನೊರೆ, ಹಾಗೆಯೇ ಬೀದಿಗಿಳಿದು ಹೋದರು. ಐದು ಹೊಲಿಗೆ ಬಿತ್ತಂತೆ. ನಾನು ಕತ್ತಿ ತೊಳೆದು ಒರೆಸಿ ಡಬ್ಬಿಗೆ ಹಾಕಿ ಬಾಗಿಲೆಳೆದವನು ಮತ್ತೆ ತೆರೆಯಲಿಲ್ಲ. ನನ್ನ ಕೈ ನೋಡಿದ ಡಾಕ್ಟರು ಪ್ರಾಣಕ್ಕೇನೂ ಅಪಾಯ ಇಲ್ಲ, ವಯಸ್ಸಿನ ನಡುಕ ಅಂದರು, ಪ್ರಾಣ ಇಟ್ಟುಕೊಂಡು ಏನು ಮಾಡಲಿ ಅಂತ ಕೇಳಲಿಲ್ಲ. ನೋಡಿಕೊಂಡು ಬರಲು ಹೋಗಬೇಕಿತ್ತು, ಮೇಷ್ಟ್ರ ಮನೆ ಎರಡೇ ಬೀದಿ ಆಚೆ, ಆ ಸಂಜೆಯೇ ಹೋಗಬೇಕಿತ್ತು, ನಾಳೆ ಹೋಗೋಣ ಅಂದೆ, ನಾಳೆ ಹೋದರೆ ನಿನ್ನೆ ಯಾಕೆ ಬರಲಿಲ್ಲ ಅನ್ನುತ್ತಾರೆ, ವಾರ ಬಿಟ್ಟು ಹೋದರೆ ಇಷ್ಟು ದಿನ ಎಲ್ಲಿದ್ದೆ ಅನ್ನುತ್ತಾರೆ, ಹೀಗೇ ದಿನ ತಳ್ಳಿ ತಳ್ಳಿ ಆಮೇಲೆ ಪೇಟೆಗೆ ಹೋಗಲು ಕೆರೆ ಏರಿಯ ಸುತ್ತುದಾರಿ ಹಿಡಿದೆ, ಹೆಂಡತಿ ಯಾಕೆ ಸುತ್ತು ಅಂದರೆ ಡಾಕ್ಟರು ನಡೀಬೇಕು ಅಂದಿದ್ದಾರೆ ಅನ್ನುತ್ತಿದ್ದೆ.

ಮೂರು ವಾರದ ಹಿಂದೆ ಈ ಮೆಟ್ಟಿಲು ಹತ್ತಿ ಬಂದರು ಮೇಷ್ಟ್ರು. ಮೊದಲು ಗುರುತು ಹತ್ತಲಿಲ್ಲ, ಮುಖ ತುಂಬ ಗಡ್ಡ, ಎದೆಯ ಗುಂಡಿಯವರೆಗೆ, ಆದರೆ ತಲೆಯ ಹಿಂಭಾಗ ನನಗೆ ಸುಳ್ಳು ಹೇಳುವುದಿಲ್ಲ, ಆ ಎರಡು ಸುಳಿಗಳು, ಒಂದು ಬಲಕ್ಕೆ ಒಂದು ಎಡಕ್ಕೆ, ಎಷ್ಟು ಎಣ್ಣೆ ಹಚ್ಚಿದರೂ ಮಲಗದ ಕೂದಲು, ನೋಡಿದ ಕೂಡಲೇ ಕೈಯಲ್ಲಿನ ಬ್ರಷ್ಷು ಜಾಮಿನ ಬಾಟಲಿಗೆ ಟಣ್ ಅಂತ ಬಡಿಯಿತು. ಗಡ್ಡ ಬಿಟ್ಟಿದ್ದಾರೆ, ಮುಚ್ಚಿಕೊಳ್ಳಲು, ನಾನು ಕೊಯ್ದಿದ್ದನ್ನು ಮುಚ್ಚಿಕೊಳ್ಳಲು — ಆ ವಾರ ಬೇರೇನೂ ಯೋಚನೆ ಬರಲಿಲ್ಲ. ಅವರು ಆ ತುದಿಯಲ್ಲಿ ಕೂತರು, ಸ್ಕೇಲು ತಂದಿದ್ದರು, ಚಿತ್ರ ಬರೆಯಲು ಸ್ಕೇಲು, ಟೀಚರ್ ಮೆಲ್ಲಗೆ ಕಿತ್ತಿಟ್ಟುಕೊಂಡರು, ನರ್ಸಮ್ಮ ನಕ್ಕರು, ನಾನು ನಗಲಿಲ್ಲ. ಹೋಗುವಾಗ ಬಾಗಿಲಲ್ಲಿ ಎದುರಾದರು, ಚೆನ್ನಾಗಿದ್ದೀರಾ ಅಂದರು. ಚೆನ್ನಾಗಿದ್ದೀರಾ. ಇಪ್ಪತ್ತೇಳು ವರ್ಷ ಏನಯ್ಯಾ ಹೆಂಗಿದ್ದೀಯಾ ಅಂದ ಬಾಯಿ, ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಆ ಬಹುವಚನ ಸಹಿಸಲಾಗಲಿಲ್ಲ, ಹೂಂ ಮೇಷ್ಟ್ರೇ ಅಂದು ಮೆಟ್ಟಿಲಿಳಿದೆ, ಮುಂದಿನ ವಾರ ಬರಬಾರದು ಅಂದುಕೊಂಡೆ, ಶುಕ್ರವಾರ ರಾತ್ರಿಯವರೆಗೂ ಅದೇ ತೀರ್ಮಾನ, ಶನಿವಾರ ಬೆಳಿಗ್ಗೆ ಬಣ್ಣದ ಡಬ್ಬಿ ಕಂಡಿತು, ಬಂದೆ. ಮೇಷ್ಟ್ರಿಗಾಗಿ ಈ ಮೇಜು ಬಿಟ್ಟುಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ ಅಂತ ಅವತ್ತು ಗೊತ್ತಾಯಿತು, ಇದು ನನಗೆ ಅಷ್ಟು ಬೇಕು ಅಂತ ಗೊತ್ತಾಯಿತು.

ಟೀಚರ್ ಚೀಟಿ ಮಡಿಸಿ ಮುಗಿಸಿದ್ದಾರೆ, ಪೆನ್ಸಿಲಿನ ಡಬ್ಬಿಯಲ್ಲಿ ಹಾಕಿ ಕುಲುಕುತ್ತಿದ್ದಾರೆ, ಇವತ್ತು ಮುಖ, ಎದುರುಬದುರು ಕೂತ್ಕೊಂಡು ಒಬ್ಬರನ್ನೊಬ್ಬರು ಬರೀಬೇಕು, ಯಾರಿಗೆ ಯಾರು ಅಂತ ಚೀಟಿ ಹೇಳುತ್ತೆ, ನರ್ಸಮ್ಮ ಅಯ್ಯೋ ನನಗೆ ಮುಖ ಬೇಡ, ಸಾಕಾಗುವಷ್ಟು ನೋಡಿದ್ದೀನಿ ಅಂತಿದ್ದಾರೆ, ನಾನು ಚೀಟಿ ಎತ್ತಿದೆ, ನಾಲ್ಕು, ಇನ್ನೊಂದು ನಾಲ್ಕು ಯಾರಿಗೆ ಬಂತು ಅಂದರು ಟೀಚರ್, ಆ ತುದಿಯಿಂದ ಒಂದು ಕೈ ಮೇಲೆದ್ದಿತು, ತರಗತಿಯಲ್ಲಿ ಎತ್ತುವ ಹಾಗೆ ನೆಟ್ಟಗೆ, ಮೇಷ್ಟ್ರ ಕೈ. ಕುರ್ಚಿ ಎತ್ತಿಕೊಂಡು ಬರುತ್ತಿದ್ದಾರೆ, ಎದುರು ಇಟ್ಟರು, ಕೂತರು, ಮೊಣಕಾಲಿಗೆ ಮೊಣಕಾಲು ಒಂದು ಗೇಣು ದೂರ, ನೀವು ಮೊದಲು ಬರೀತೀರಾ, ನಾನು ಮೊದಲು ಬರೀಲಾ ಅಂದರು, ಮತ್ತೆ ನೀವು, ಒಟ್ಟಿಗೇ ಬರೆಯೋಣ ಮೇಷ್ಟ್ರೇ ಅಂದೆ. ಇಪ್ಪತ್ತೇಳು ವರ್ಷದಲ್ಲಿ ಇವರನ್ನು ನಾನು ಎದುರಿನಿಂದ ನೋಡೇ ಇಲ್ಲ, ಹಿಂದಿನಿಂದ ಅಥವಾ ಕನ್ನಡಿಯಲ್ಲಿ, ಕನ್ನಡಿಯ ಮೇಷ್ಟ್ರಿಗೆ ಹುಬ್ಬು ಎಡಕ್ಕೆ ಎತ್ತರ, ಇವರಿಗೆ ಬಲಕ್ಕೆ, ಮೂಗು ಕೂಡ ಆಚೆ ವಾಲಿದೆ, ಇವರು ಬೇರೆಯವರೇ, ಪೆನ್ಸಿಲು ಹಿಡಿದೆ, ಕೈ ಕುಣಿಯಿತು, ಹಣೆಯ ಗೆರೆ ಒಂದರ ಬದಲು ಮೂರು ಬಂದವು, ಹಣೆಗೆ ಅವು ಸರಿಯಾಗಿಯೇ ಕೂತವು, ಕಣ್ಣಿನ ಕೆಳಗಿನ ಚೀಲಕ್ಕೆ ಒಂದಿಷ್ಟು ನೇರಳೆ, ಆಮೇಲೆ ಗಡ್ಡ, ಗಡ್ಡಕ್ಕೆ ಬಂದಾಗ ನಾನು ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು, ಹೇಳಿ ಮಾಡಿಸಿದ ಹಾಗೆ ನನ್ನ ಕೈಗೆ ಒಪ್ಪುವ ವಸ್ತು ಪ್ರಪಂಚದಲ್ಲಿ ಒಂದಿದ್ದರೆ ಅದು ಗಡ್ಡ, ನೆಟ್ಟಗಿರುವ ಗೆರೆಯೇ ಅಲ್ಲಿ ಬೇಡ, ಬೂದಿ, ಬೂದಿಯೊಳಗೆ ನೀಲಿ, ತುದಿಗೆ ಹೊಗೆ ಹಿಡಿದ ಹಳದಿ, ಕೈ ನಡುಗಿದಷ್ಟೂ ಕೂದಲು ಜೀವ ತಳೆದು ಏಳುತ್ತಿದೆ, ಎಂಥ ಸುಖ ಅಂತೀರಿ, ಬ್ರಷ್ಷು ತಾನಾಗಿಯೇ ಬಲಗೆನ್ನೆ ಇಳಿದು ಗಲ್ಲ ದಾಟಿ ಎಡಕ್ಕೆ ಹತ್ತುತ್ತಿದೆ, ಕಣ್ಣೆತ್ತಿ ಎಡಗೆನ್ನೆ ನೋಡಿದೆ.

ಗೆರೆ ಇದೆ. ಕಿವಿಯ ಕೆಳಗಿನಿಂದ ದವಡೆಯ ಮೂಲೆಗೆ, ಗಡ್ಡದ ನಡುವೆ, ಬೈತಲೆ ತೆಗೆದ ಹಾಗೆ, ಬೆಳ್ಳಗೆ, ಸಣ್ಣಗೆ. ಗಾಯದ ಕಲೆಯಲ್ಲಿ ಕೂದಲು ಹುಟ್ಟುವುದಿಲ್ಲ, ಇದು ನನಗೆ ಗೊತ್ತಿಲ್ಲದ ವಿಷಯವೇ, ಎಷ್ಟು ತಲೆಗಳಲ್ಲಿ ಎಷ್ಟು ಕಲೆ ಸುತ್ತ ಕತ್ತರಿ ಆಡಿಸಿಲ್ಲ, ಆದರೂ ಹೊಳೆದಿರಲಿಲ್ಲ, ಬೋಳು ಕೆನ್ನೆಯಲ್ಲಿ ಅದು ಯಾರಿಗೂ ಅಷ್ಟಾಗಿ ಕಾಣುತ್ತಿರಲಿಲ್ಲ, ಗಡ್ಡ ಬಿಟ್ಟಿದ್ದರಿಂದಲೇ ಕಾಣುತ್ತಿದೆ, ಹಾಗಾದರೆ ಮುಚ್ಚಿಕೊಳ್ಳಲು ಬಿಟ್ಟಿದ್ದಲ್ಲ. ಬ್ರಷ್ಷು ಗಾಳಿಯಲ್ಲಿ ನಿಂತಿದೆ, ನಿಂತು ನಡುಗುತ್ತಿದೆ, ಒಂದೇ ಎಳೆತ, ಬೂದಿ ಬಣ್ಣದ ಒಂದೇ ಎಳೆತ ಸಾಕು, ಗೆರೆ ಮುಚ್ಚಿಹೋಗುತ್ತದೆ, ಚಿತ್ರದಲ್ಲಾದರೂ ಕೆನ್ನೆ ಮೊದಲಿನಂತಾಗುತ್ತದೆ, ಯಾರು ಕೇಳುತ್ತಾರೆ. ಟೀಚರ್ ಹಿಂದೆ ಬಂದು ನಿಂತಿದ್ದಾರೆ, ಅವರಿಗೇನೂ ಗೊತ್ತಿಲ್ಲ, ಏನು ಯೋಚನೆ ಅಂದರು, ಇಲ್ಲೊಂದು ಬಿಳಿ ಇದೆ ಟೀಚರ್, ಬಿಳಿ ಬಣ್ಣ ನನ್ನ ಡಬ್ಬಿಯಲ್ಲಿಲ್ಲ ಅಂದೆ, ಬಿಳಿ ಹಚ್ಚೋದಲ್ಲ, ಬಿಡೋದು, ಅದರ ಎರಡೂ ಕಡೆ ಹಚ್ಚಿ, ನಡುವೆ ಕಾಗದ ಹಾಗೇ ಬಿಡಿ ಅಂದು ನರ್ಸಮ್ಮನ ಕಡೆ ಹೋದರು. ಮೇಷ್ಟ್ರು ತಲೆ ಎತ್ತಲಿಲ್ಲ, ಪೆನ್ಸಿಲ್ ಆಡಿಸುತ್ತಲೇ ಇದ್ದಾರೆ, ನಾನು ಮೊಣಕೈಯನ್ನು ಪಕ್ಕೆಗೆ ಒತ್ತಲಿಲ್ಲ, ಉಸಿರು ಬಿಗಿಹಿಡಿಯಲಿಲ್ಲ, ಗೆರೆಯ ಈ ಕಡೆ ಬೂದಿ ಇಟ್ಟೆ, ಆ ಕಡೆ ಬೂದಿ ಇಟ್ಟೆ, ನಡುವೆ ಕಾಗದ ಹಾಗೇ ಉಳಿಯಿತು, ಸ್ವಲ್ಪ ಡೊಂಕು, ಇರಲಿ, ಕೊಯ್ದಾಗಲೂ ಡೊಂಕಾಗಿಯೇ ಕೊಯ್ದಿದ್ದೆ. ಆಗ ಬಾಯಿ ತಾನಾಗಿ ಬಿಚ್ಚಿತು, ಮೇಷ್ಟ್ರೇ, ಕೈ ಸರಿಯಿಲ್ಲ ಅಂತ ನನಗೆ ಗೊತ್ತಿತ್ತು, ಒಂದು ವರ್ಷದಿಂದ ಗೊತ್ತಿತ್ತು, ಗೊತ್ತಿದ್ದೂ ಕತ್ತಿ ಹಿಡಿದೆ. ಪೆನ್ಸಿಲು ನಿಂತಿತು. ನನಗೂ ಗೊತ್ತಿತ್ತು ಅಂದರು ಮೇಷ್ಟ್ರು. ಏನು ಅಂದೆ. ಕೈ ನಡುಗಿದ್ರೆ ಕನ್ನಡಿಗೆ ಕಾಣದೇ ಇರಬಹುದು, ಕೆನ್ನೆಗೆ ಗೊತ್ತಾಗಲ್ವಾ, ಒಂದು ವರ್ಷದಿಂದ ಗೊತ್ತಾಗ್ತಿತ್ತು. ಮತ್ತೆ ಯಾಕೆ ಬರ್ತಿದ್ರಿ ಅಂದೆ, ಸ್ವರ ಏರಿತು, ನರ್ಸಮ್ಮ ತಿರುಗಿ ನೋಡಿದರು. ನಾನು ಬರೋದು ಬಿಟ್ರೆ ಯಾಕೆ ಬಿಟ್ಟೆ ಅಂತ ನಿಮಗೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೇ ಬರ್ತಿದ್ದೆ ಅಂದರು, ಸ್ವಲ್ಪ ಹೊತ್ತು ಪೆನ್ಸಿಲಿನ ಮೊನೆ ನೋಡಿದರು, ಕೋಪ ಇತ್ತು, ಸುಳ್ಳು ಹೇಳಲ್ಲ, ಕೊಯ್ದಿದ್ದಕ್ಕಲ್ಲ, ಹೊಲಿಗೆ ಬಿಚ್ಚೋವರೆಗೂ ಪ್ರತಿ ಸಂಜೆ ಬಾಗಿಲು ಕಡೆ ನೋಡ್ತಿದ್ದೆ, ಈಗ ಬರ್ತೀರಿ, ಈಗ ಬರ್ತೀರಿ ಅಂತ, ನನ್ನ ಹೆಂಡತಿ ಟೀಗೆ ಎರಡು ಲೋಟ ತೆಗೆದಿಡ್ತಿದ್ಲು. ಬ್ರಷ್ಷಿನ ತುದಿಯಲ್ಲಿ ಹನಿ ದಪ್ಪಗಾಗುತ್ತಿತ್ತು, ತಪ್ಪಾಯ್ತು ಮೇಷ್ಟ್ರೇ ಅಂದೆ, ಎರಡು ವರ್ಷ ಬೇಕಾಯಿತು ಅಷ್ಟು ಚಿಕ್ಕ ಮಾತಿಗೆ. ಹೂಂ ಅಂದರು. ಇನ್ನೊಬ್ಬನ ಹತ್ರ ಒಂದು ಸಲ ಹೋದೆ, ಹುಲ್ಲು ಕತ್ತರಿಸೋ ಹಾಗೆ ಮೆಷಿನ್ ಓಡಿಸಿಬಿಟ್ಟ, ಮಾತಿಲ್ಲ ಕತೆಯಿಲ್ಲ, ಅವತ್ತಿಂದ ಗಡ್ಡ ಬಿಟ್ಟೆ. ನರ್ಸಮ್ಮ ಬೇರೆ ಕಡೆ ನೋಡುತ್ತ ಕಿವಿ ಇಲ್ಲೇ ಇಟ್ಟಿದ್ದಾರೆ, ಹೂವಿಗೆ ಎಲೆ ಬರೆಯುವುದನ್ನೇ ಮರೆತಿದ್ದಾರೆ.

ಹೊತ್ತಾಯಿತು, ಚಿತ್ರದ ಕೆಳಗೆ ಸಹಿ ಹಾಕಿ, ಎದುರಿನವರಿಗೆ ಕೊಡಿ ಅಂತಿದ್ದಾರೆ ಟೀಚರ್, ಮೇಷ್ಟ್ರು ಬರೆದ ನಾನು ನನ್ನ ಕೈಗೆ ಬಂದಿದ್ದೇನೆ, ಸ್ಕೇಲಿಲ್ಲದಿದ್ದರೂ ನೆಟ್ಟಗೆ ಬರೆದ ಚೌಕ ಮುಖ, ತ್ರಿಕೋನದ ಮೂಗು, ಆದರೆ ಕಣ್ಣುಗಳು ನಗುತ್ತಿವೆ, ಬರೆಯುವಾಗ ನಾನು ನಗುತ್ತಿದ್ದೆನೇ, ಗಡ್ಡ ಬರೆಯುವಾಗಲೇ ಇರಬೇಕು. ನನ್ನ ಕಾಗದ ಅವರ ಕೈಯಲ್ಲಿದೆ, ದೂರ ಹಿಡಿದು ನೋಡುತ್ತಾರೆ, ಹತ್ತಿರ ತರುತ್ತಾರೆ, ಕನ್ನಡಕ ಹಣೆಗೇರಿಸಿ ಮತ್ತೆ ನೋಡುತ್ತಾರೆ, ಕೊಡಿ ಮೇಷ್ಟ್ರೇ, ಸಹಿ ಹಾಕಿಲ್ಲ, ಹಾಕಿಕೊಡ್ತೀನಿ ಅಂದೆ. ಕೊಡಲಿಲ್ಲ. ಬೆರಳೆತ್ತಿ ಕಾಗದದ ಎಡಗೆನ್ನೆಯ ಮೇಲಿಟ್ಟರು, ಆಮೇಲೆ ಅದೇ ಬೆರಳನ್ನು ತಮ್ಮ ಕೆನ್ನೆಗೆ ಒಯ್ದರು, ಸಹಿ ಆಗಲೇ ಹಾಕಿದ್ದೀಯಲ್ಲಯ್ಯಾ, ಎರಡು ಸಲ ಅಂದರು. ಹಾಕಿದ್ದೀಯಲ್ಲಯ್ಯಾ ಅಂದರು. ನಾನು ನಕ್ಕೆನೋ ಅತ್ತೆನೋ, ನರ್ಸಮ್ಮನನ್ನು ಕೇಳಬೇಕು, ಕೈ ಮಾತ್ರ ನಡುಗುತ್ತಲೇ ಇದೆ, ಮೇಷ್ಟ್ರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಾರೆ, ಬೂದಿ ಇನ್ನೂ ಒದ್ದೆ, ನೀಲಿ ಇನ್ನೂ ಒದ್ದೆ, ಎರಡೂ ಕಡೆಯಿಂದ ಹರಿದು ಬಂದು ಅಂಚಿನಲ್ಲಿ ನಿಂತಿವೆ, ದಾಟುತ್ತಿಲ್ಲ, ನಡುವೆ ಅದು, ಕಿವಿಯ ಕೆಳಗಿನಿಂದ ದವಡೆಯವರೆಗೆ, ಏನೂ ಹಚ್ಚದ ಕಾಗದ, ಬೆಳ್ಳಗೆ, ಸ್ವಲ್ಪ ಡೊಂಕಾಗಿ —